ಕಾಪರ್ ಬೆಂಡ್ ಕ್ಲಬ್ಬಿನ ಇಪ್ಪತ್ತೆರಡನೇ ನಂಬರು

ಆಟ ಗೊತ್ತಿಲ್ಲದವರು ಆಟದ ಬಗ್ಗೆ ಮಾತಾಡುವುದನ್ನು ಕೇಳಿದರೆ ಶೈಲಶ್ರೀಗೆ ಮೈ ಉರಿಯುತ್ತಿತ್ತು. ಮಸ್ಕತ್ತಿನಲ್ಲಿ ಅಂಥವರಿಗೆ ಬರವಿರಲಿಲ್ಲ. ಪ್ರತಿ ಶುಕ್ರವಾರ ಹಮ್ರಿಯಾದ ಅವಳ ಎರಡನೇ ಮಹಡಿಯ ಮನೆಗೆ ಗಂಡನ ಗೆಳೆಯರು ನಾಷ್ಟಾಕ್ಕೆ ಬರುತ್ತಿದ್ದರು. ಅವರಲ್ಲಿ ಮೈಸೂರಿನ ಅನೂಪ್ ಎಂಬವನು ಇಂಗ್ಲೆಂಡಿನ ಯಾವುದೋ ಕ್ಲಬ್ಬಿನ ಕೆಂಪು ಜೆರ್ಸಿಯನ್ನು ಹೊಟ್ಟೆಯ ಮೇಲೆ ಬಿಗಿದುಕೊಂಡು ಬಂದು, ಟೀವಿಯಲ್ಲಿ ನೋಡಿದ್ದನ್ನು ತಾನೇ ಆಡಿದಂತೆ ಹೇಳುತ್ತಿದ್ದ. ಒಮ್ಮೆ ಅವಳು ಉಪ್ಪಿಟ್ಟು ಬಡಿಸುತ್ತಿದ್ದಾಗ, "ಶೈಲಾ ಅವರೇ, ಆಫ್‌ಸೈಡ್ ಅಂದ್ರೆ ಏನು ಅಂತ ನಿಮಗೆ ಸಿಂಪಲ್ಲಾಗಿ ಹೇಳ್ತೀನಿ ನೋಡಿ" ಎಂದು ಉಪ್ಪಿನ ಡಬ್ಬಿಯನ್ನೂ ಎರಡು ಚಮಚಗಳನ್ನೂ ಮೇಜಿನ ಮೇಲೆ ಜೋಡಿಸಿದ. ಜೋಡಿಸಿದ್ದು ತಪ್ಪಾಗಿತ್ತು. ಅವಳು "ಹೌದ್ರಿ?" ಎಂದಷ್ಟೇ ಹೇಳಿ ಒಳಗೆ ಹೋದಳು.

ಆ ಹೊತ್ತಿಗೆ ಅವಳು ಒಂದು ಅಮೆರಿಕನ್ ಕ್ಲಬ್ಬಿನ ಎಂಬತ್ತಕ್ಕೂ ಹೆಚ್ಚು ಪಂದ್ಯಗಳನ್ನು, ಒಂದು ಪಾಸೂ ಬಿಡದೆ, ನೋಡಿ ಮುಗಿಸಿದ್ದಳು. ಅದೇ ಅವಳ ಕೆಲಸ. ಗಂಡ ವಿವೇಕನಿಗೆ ಗೊತ್ತಿತ್ತು. ಗೆಳೆಯರಿಗೆ ಹೇಳಬೇಡಿ ಎಂದು ಅವಳೇ ತಾಕೀತು ಮಾಡಿದ್ದಳು. ಹೇಳಿದರೆ ಅನೂಪ್ ಪ್ರಶ್ನೆ ಕೇಳುತ್ತಾನೆ, ಉತ್ತರವನ್ನೂ ತಾನೇ ಕೊಡುತ್ತಾನೆ.

ಶೈಲಶ್ರೀ ಗದಗ-ಬೆಟಗೇರಿಯವಳು. ಅಲ್ಲಿ ಹಾಕಿ ಆಡದ ಓಣಿ ಕಡಿಮೆ. ಹತ್ತನೇ ವಯಸ್ಸಿಗೆ ಸ್ಟಿಕ್ ಹಿಡಿದವಳು, ಧಾರವಾಡದಲ್ಲಿ ಓದುವಾಗ ವಿಶ್ವವಿದ್ಯಾಲಯದ ತಂಡಕ್ಕೆ ರೈಟ್ ಹಾಫ್ ಆಡಿದಳು. ಆಮೇಲೆ ಮದುವೆ, ಮಗಳು ಖುಷಿ, ಮಸ್ಕತ್ತು. ವಿವೇಕ ಮಸ್ಕತ್ತಿನಾಚೆಯ ಬರ್ಕಾ ಎಂಬ ಊರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ಇಂಜಿನಿಯರು. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಬರುವವನು. ಎರಡು ವರ್ಷ ಅವಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ, ಕೆಳಗಿನ ಅಂಗಡಿಗಳ ಬೋರ್ಡು ಓದುತ್ತ ಕಾಲ ಕಳೆದಳು. ಕೊನೆಗೆ ಮಂಗಳೂರಿನ ಒಂದು ಸಣ್ಣ ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ವಿದೇಶದ ಫುಟ್‌ಬಾಲ್ ಕ್ಲಬ್ಬುಗಳ ಪಂದ್ಯದ ವಿಡಿಯೋ ನೋಡಿ, ಯಾರು ಯಾರಿಗೆ ಚೆಂಡು ಕೊಟ್ಟರು, ಎಲ್ಲಿ ಕಳೆದುಕೊಂಡರು ಎಂದು ಗುರುತು ಹಾಕಿ, ಪ್ರತಿ ಆಟಗಾರನ ಬಗ್ಗೆ ಎರಡು ಸಾಲು ಷರಾ ಬರೆದು ಕಳಿಸುವ ಕೆಲಸ. ಪರೀಕ್ಷೆಗೆಂದು ಹತ್ತು ನಿಮಿಷದ ಆಟ ತೋರಿಸಿದರು. ಉಳಿದವರೆಲ್ಲ ಚೆಂಡು ಒದ್ದವರ ಬಗ್ಗೆ ಬರೆದರು. ಇವಳು ಓಡಬೇಕಾಗಿದ್ದಾಗ ಓಡದೆ ನಿಂತವರ ಪಟ್ಟಿ ಬರೆದಳು. ಟೀಮ್ ಲೀಡರ್ ಜೆನಿಟಾ ಅದೇ ದಿನ ಫೋನ್ ಮಾಡಿದಳು. "ನೀನು ಫುಟ್‌ಬಾಲ್ ಆಡಿದ್ದುಂಟಾ ಮಾರಾಯ್ತಿ?"

"ಇಲ್ಲ. ಹಾಕಿ."

"ಸಾಕು. ನಾಳೆಯಿಂದ ಶುರು ಮಾಡು."

ಅವಳ ಪಾಲಿಗೆ ಬಂದದ್ದು ಕಾಪರ್ ಬೆಂಡ್ ಎಂಬ ಊರಿನ ಕ್ಲಬ್ಬು. ಅಮೆರಿಕದ ಪಶ್ಚಿಮದಲ್ಲಿ, ಒಮಾನಿನಂತೆಯೇ ಬೋಳು ಗುಡ್ಡ, ತಾಮ್ರದ ಗಣಿ ಇರುವ ಜಾಗ. ಈಜುಕೊಳ ಕಟ್ಟಿಸಿ ಶ್ರೀಮಂತನಾದ ಒಬ್ಬ ಮನುಷ್ಯ ಆ ಕ್ಲಬ್ಬನ್ನು ಒಂದು ಹೈಸ್ಕೂಲಿನ ಮೈದಾನದಲ್ಲಿ, ನಾಲ್ಕನೇ ದರ್ಜೆಯ ಲೀಗಿನಲ್ಲಿ ಶುರು ಮಾಡಿದ್ದ. ಇವಳು ಸೇರುವಾಗ ಅದು ಮೂರನೇ ದರ್ಜೆಯಲ್ಲಿತ್ತು. ಅವರ ಶನಿವಾರ ಸಂಜೆಯ ಪಂದ್ಯ ಮುಗಿಯುವಾಗ ಇಲ್ಲಿ ಭಾನುವಾರ ಬೆಳಿಗ್ಗೆ; ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಖುಷಿಯನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬರುವಷ್ಟರಲ್ಲಿ ವಿಡಿಯೋ ಬಂದಿರುತ್ತಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಧ್ಯಾಹ್ನ ಎರಡರವರೆಗೆ ಕೂರುತ್ತಿದ್ದಳು.

ಮೊದಲ ವರ್ಷ ಮುಗಿದಾಗ ಕ್ಲಬ್ಬು ಎರಡನೇ ದರ್ಜೆಗೆ ಏರಿತೆಂಬ ಸುದ್ದಿ ಬಂತು. ವಿವೇಕ ಖುಷಿಪಟ್ಟ. "ಭೇಷ್. ಅಂದ್ರ ಗೆದ್ರು."

"ಗೆದ್ದಿಲ್ಲ. ಆರನೇ ನಂಬರ್ ಬಂದಾರ."

"ಮತ್ತ ಮ್ಯಾಲೆ ಹೆಂಗ ಹೋದ್ರು?"

"ಅರ್ಜಿ ಹಾಕಿ."

ವಿವೇಕ ನಗೆಚಾಟಿಕೆ ಅಂದುಕೊಂಡ. ಅದು ನಿಜವೇ ಆಗಿತ್ತು. ಗೆದ್ದವನು ಮೇಲೆ ಹೋಗುತ್ತಾನೆ, ಸೋತವನು ಕೆಳಗೆ ಇಳಿಯುತ್ತಾನೆ ಎಂಬುದು ಬೇರೆ ದೇಶಗಳ ಲೀಗುಗಳ ರೂಢಿ. ಅಮೆರಿಕದಲ್ಲಿ ಹಾಗಿಲ್ಲ. ಮೇಲಿನ ಲೀಗಿಗೆ ಅರ್ಜಿ ಹಾಕಬೇಕು, ಮಾಲೀಕನ ಗಂಟು ತೋರಿಸಬೇಕು, ಸ್ಟೇಡಿಯಂ ನಕ್ಷೆ ತೋರಿಸಬೇಕು; ಒಪ್ಪಿದರೆ ಸೀಟು ಸಿಕ್ಕಿತು. ಶೈಲಶ್ರೀಗೆ ಅದು ಆಟವಲ್ಲ, ಸೈಟು ಹಂಚಿಕೆ ಅನ್ನಿಸಿತು. ಬೆಟಗೇರಿಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗಲು ಅವಳು ಕಾಲಿನ ಉಗುರು ಕಿತ್ತುಹೋದರೂ ಆಡಿದವಳು. ಇವರು ಆರನೇ ಸ್ಥಾನಕ್ಕೆ ಬಂದು ಬಾಣಬಿರುಸು ಹಾರಿಸಿದ್ದರು.

ಕ್ಲಬ್ಬಿನಲ್ಲಿ ಅವಳು ಮುಖ ನೋಡಿ ಮಾತಾಡಿದವನು ಒಬ್ಬನೇ, ಕೋಡಿ ಎಂಬ ಇಪ್ಪತ್ತೆಂಟರ ಹುಡುಗ. 'ವಿಶ್ಲೇಷಣೆಯ ಮುಖ್ಯಸ್ಥ' ಎಂದು ಅವನ ಹುದ್ದೆ. ಅವನು ಮುಖ್ಯಸ್ಥನಾಗಿದ್ದ ಆ ವಿಭಾಗದಲ್ಲಿ ಇದ್ದವಳು ಇವಳೊಬ್ಬಳೇ, ಅದೂ ಹಮ್ರಿಯಾದಲ್ಲಿ. ವಾರಕ್ಕೊಮ್ಮೆ ಜೆನಿಟಾ, ಅವನು, ಇವಳು ವಿಡಿಯೋ ಕಾಲಿನಲ್ಲಿ ಸೇರುತ್ತಿದ್ದರು. ಶೈಲಶ್ರೀ ಎಂಬ ಹೆಸರು ಬಾಯಿಗೆ ಬಾರದೆ ಅವನು 'ಶೆಲ್ಲಿ' ಎಂದು ಕರೆದ. ಇವಳು ತಿದ್ದಲಿಲ್ಲ. ತಿದ್ದುವಷ್ಟು ಬೆಲೆ ಅವನಿಗಿದೆ ಎಂದು ಅನ್ನಿಸಲಿಲ್ಲ.

ಒಮ್ಮೆ ಅವಳು ಎಡಗಡೆಯ ರಕ್ಷಣಾ ಆಟಗಾರನೊಬ್ಬನ ಬಗ್ಗೆ ಷರಾದಲ್ಲಿ, ಒಲೆಯ ಮೇಲೆ ಹಾಲಿಟ್ಟು ಬಂದವನ ಹಾಗೆ ಹಿಂದಕ್ಕೆ ಓಡುತ್ತಾನೆ, ಚೆಂಡು ಎಲ್ಲಿದೆ ಅಂತ ನೋಡುವುದೇ ಇಲ್ಲ ಎಂದು ಬರೆದಿದ್ದಳು. ಎರಡು ವಾರದ ಮೇಲೆ ಕ್ಲಬ್ಬಿನ ಯೂಟ್ಯೂಬಿನಲ್ಲಿ ಕೋಡಿ ಕಪ್ಪು ಅಂಗಿ ಹಾಕಿ ಕೂತು, ಆ ಹಾಲಿನ ಮಾತನ್ನು ಈಗಷ್ಟೇ ಹೊಳೆದವನಂತೆ ಹೇಳಿದ. ಎದುರು ಕೂತು ಸಂದರ್ಶನ ಮಾಡುತ್ತಿದ್ದವನು ಆಹಾ ಎಂದು ತಲೆದೂಗಿದ. ಜೆನಿಟಾಗೆ ಸಿಟ್ಟು ಬಂತು. "ನಿನ್ನ ಹೆಸರು ಹೇಳ್ಲಿಕ್ಕೆ ಎಂತ ಆಗಿತ್ತು ಅವನಿಗೆ?"

"ಬಿಡು. ಹಾಲು ಉಕ್ಕಿದ್ದು ಅಂವಾ ಎಲ್ಲಿ ನೋಡ್ಯಾನ? ಅವರ ಮನ್ಯಾಗ ಅದು ಡಬ್ಬಿಯೊಳಗ ಬರ್ತೈತಿ."

ಇಪ್ಪತ್ಮೂರು ಜನರ ಆ ತಂಡದಲ್ಲಿ ಅವಳು ಗೌರವ ಕೊಟ್ಟದ್ದು ಒಬ್ಬನಿಗೆ ಮಾತ್ರ. ಇಪ್ಪತ್ತೆರಡನೇ ನಂಬರಿನ ಮುಹಮ್ಮದ್. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದವನು. ಹಿಂದೆ ಕಾಯುವವರಿಗೂ ಮುಂದೆ ನುಗ್ಗುವವರಿಗೂ ನಡುವೆ ಆಡುವವನು. ಹಾಕಿಯಲ್ಲಿ ಅವಳು ನಿಂತಂಥದೇ ಜಾಗ. ಎದುರಾಳಿ ಏನು ಮಾಡಲಿದ್ದಾನೆ ಎಂಬುದು ಎದುರಾಳಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅವನ ನಡಿಗೆ, ಕಾಲ್ಚೀಲ ಎಳೆದುಕೊಳ್ಳುವ ರೀತಿ, ತಪ್ಪು ಮಾಡಿದಾಗ ಕತ್ತು ಉಜ್ಜಿಕೊಳ್ಳುವುದು, ಎಲ್ಲವೂ ಅವಳಿಗೆ ಪಾಠವಾಗಿತ್ತು.

ಎರಡನೇ ದರ್ಜೆಯ ಎರಡನೇ ವರ್ಷದಲ್ಲಿ ಅವನಲ್ಲಿ ಒಂದು ಕೊರತೆ ಕಾಣತೊಡಗಿತು. ಚೆಂಡು ಬಂದರೆ ಬಲಕ್ಕೆ ತಿರುಗುತ್ತಿದ್ದ, ಎಡಕ್ಕೆ ತಿರುಗುತ್ತಿರಲಿಲ್ಲ. ತಿರುಗಲೇಬೇಕಾದಾಗ ಒಂದು ಹೆಜ್ಜೆ ಹೆಚ್ಚು ಇಡುತ್ತಿದ್ದ. ಅಷ್ಟರಲ್ಲಿ ಯಾರಾದರೂ ಮೇಲೆ ಬೀಳುತ್ತಿದ್ದರು. ಶೈಲಶ್ರೀ ಷರಾ ಬರೆದಳು: 'ಎಡಕ್ಕೆ ತಿರುಗುವುದಿಲ್ಲ.' ಯಾರಾದರೂ ಓದಿ ಅವನನ್ನು ತಿದ್ದಲಿ ಎಂದೇ ಬರೆದದ್ದು. ಮುಂದಿನ ವಾರ ಮತ್ತೆ ಬರೆದಳು. ಹನ್ನೊಂದು ಸಲ ಬರೆದಳು. ಏನೂ ಬದಲಾಗಲಿಲ್ಲ. ಹನ್ನೊಂದನೇ ಸಲ ಕೋಪದಲ್ಲಿ 'ಎಡಕ್ಕೆ ತಿರುಗಲಾರ' ಎಂದು ಬರೆದು ಕಳಿಸಿದಳು.

"ಹೇಳಿದ್ದು ಕೇಳದ ಕೋಚ್, ಓದಿದ್ದು ತಿಳಿಯದ ಮುಖ್ಯಸ್ಥ," ಎಂದು ಸಂಜೆ ವಿವೇಕನ ಮುಂದೆ ಹೇಳಿಕೊಂಡಳು. "ಇಂಥವರಿಗೆ ನನ್ನ ಕಣ್ಣು ಬಾಡಿಗೀಗೆ ಕೊಟ್ಟೀನಿ."

ಆ ವರ್ಷ ಕಾಪರ್ ಬೆಂಡ್ ನಿಜವಾಗಿ ಗೆದ್ದಿತು. ಕೊನೆಯ ಪಂದ್ಯದಲ್ಲಿ ಮುಹಮ್ಮದ್ ಹತ್ತು ಸಲವಾದರೂ ಎದುರಾಳಿಯ ಕಾಲಿನಿಂದ ಚೆಂಡು ಕಸಿದ. ಶೈಲಶ್ರೀ ಅದನ್ನು ಎರಡು ಸಲ ನೋಡಿದಳು, ಎರಡನೇ ಸಲ ಕೆಲಸಕ್ಕಲ್ಲ. ಎರಡು ವಾರದ ಮೇಲೆ ಕ್ಲಬ್ಬು ದೇಶದ ಅತ್ಯುನ್ನತ ಲೀಗಿಗೆ ಏರುವುದೆಂಬ ಘೋಷಣೆ ಆಯಿತು. ಮೇಯರು ಬಂದ, ಬ್ಯಾಂಡು ಬಂತು, ಮಾಲೀಕ ಅತ್ತ. ಆ ಏರಿಕೆಗೂ ಗೆಲುವಿಗೂ ಸಂಬಂಧವಿರಲಿಲ್ಲ. ಮಾಲೀಕನ ಅರ್ಜಿ ಪಂದ್ಯಾವಳಿ ಮುಗಿಯುವ ಮೊದಲೇ ಒಪ್ಪಿಗೆಯಾಗಿತ್ತು. ಮೇಲಿನ ಲೀಗಿಗೆ ಹೋದದ್ದು ಕ್ಲಬ್ಬಿನ ಹೆಸರು, ಬಣ್ಣ, ಮಾಲೀಕ. ಗೆದ್ದುಕೊಟ್ಟ ಇಪ್ಪತ್ಮೂರು ಜನರಲ್ಲಿ ಇಬ್ಬರನ್ನು ಇಟ್ಟುಕೊಂಡು ಉಳಿದವರನ್ನೆಲ್ಲ ಒಂದೇ ಬೆಳಿಗ್ಗೆ ಬಿಟ್ಟರು. ನಾವೆಲ್ಲ ಒಂದು ಕುಟುಂಬ, ಈ ದಿನ ಕಷ್ಟದ ದಿನ ಎಂದು ಕೋಡಿ ಕ್ಲಬ್ಬಿನ ಪುಟದಲ್ಲಿ ಬರೆದ. ಅವನನ್ನು ಇಟ್ಟುಕೊಂಡಿದ್ದರು, ಬಡ್ತಿಯನ್ನೂ ಕೊಟ್ಟಿದ್ದರು.

ಮಂಗಳೂರಿನ ಕಂಪನಿಯ ಒಪ್ಪಂದವೂ ಮುಗಿಯಿತು. ಜೆನಿಟಾ ಫೋನಿನಲ್ಲಿ, "ಕ್ಲಬ್ಬಿನ ಜೊತೆ ಹಂಚಿಕೊಂಡ ಫೋಲ್ಡರು ಶುಕ್ರವಾರ ಮುಚ್ಚುತ್ತಾರಂತೆ, ನಿನ್ನ ಫೈಲು ಬೇಕಾದರೆ ಇಳಿಸಿಕೋ" ಎಂದಳು. ಶೈಲಶ್ರೀ ಇಳಿಸಿಕೊಳ್ಳುತ್ತಿದ್ದಾಗ ತಾನು ಎಂದೂ ಕಾಣದ ಒಂದು ಕಡತ ಅಲ್ಲೇ ಬಿದ್ದಿತ್ತು. 'ನಿರ್ಧಾರಗಳು' ಎಂದು ಅದರ ಹೆಸರು. ಪ್ರತಿ ಆಟಗಾರನ ಎದುರು ಬಿಡುವುದೋ ಇಟ್ಟುಕೊಳ್ಳುವುದೋ, ಅದಕ್ಕೆ ಕಾರಣವೇನು ಎಂದು ಬರೆದಿದ್ದರು. ಇಪ್ಪತ್ತೆರಡನೇ ನಂಬರಿನ ಎದುರು ಎರಡು ವಾಕ್ಯವಿತ್ತು. 'ಎಡಕ್ಕೆ ತಿರುಗಲಾರ. ಇನ್ನು ಸುಧಾರಿಸುವುದಿಲ್ಲ.'

ಮೊದಲ ವಾಕ್ಯ ಅವಳದು. ಎರಡನೆಯದು ಅವಳದಲ್ಲ.

ಅವಳು ಲ್ಯಾಪ್‌ಟಾಪ್ ಮುಚ್ಚಿ, ಎದ್ದು, ಒಲೆಯ ಕಟ್ಟೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಶಾಲೆಯಿಂದ ಬಂದ ಖುಷಿ, "ಅಮ್ಮಾ, ವಾಟ್ ಹ್ಯಾಪನ್ಡ್?" ಎಂದು ಕೇಳಿದರೆ ಏನೂ ಇಲ್ಲ ಎಂದಳು. ವಿವೇಕನಿಗೂ ಹೇಳಲಿಲ್ಲ. ಬೇರೆಯವರನ್ನು ಬೈಯುವುದಕ್ಕೆ ಅವಳಿಗೆ ಮಾತು ಹುಡುಕಬೇಕಾಗುತ್ತಿರಲಿಲ್ಲ. ಇದಕ್ಕೆ ಮಾತು ಸಿಗಲಿಲ್ಲ.

ಹತ್ತು ತಿಂಗಳು ಕಳೆದವು. ಅಕ್ಟೋಬರಿನಲ್ಲಿ ಒಂದು ಸಂಜೆ ವಿವೇಕ ಬಂದು, ಪ್ಲಾಂಟಿನ ಸಿರಾಜುದ್ದೀನ್ ಹೇಳಿದ ಸುದ್ದಿ ಹೇಳಿದ. ಸಿರಾಜುದ್ದೀನ್ ಉಪ್ಪಿನಂಗಡಿ ಕಡೆಯವನು, ಬರ್ಕಾದಲ್ಲೇ ಮನೆ ಮಾಡಿದ್ದವನು, ಅಲ್ಲಿಯ ಕ್ಲಬ್ಬಿನ ಒಂದು ಪಂದ್ಯವನ್ನೂ ಬಿಡದವನು. ಈ ಸಲ ಅವರ ತಂಡಕ್ಕೆ ಅಮೆರಿಕದಲ್ಲಿ ಆಡಿ ಬಂದ ಆಫ್ರಿಕಾದವನೊಬ್ಬ ಸೇರಿದ್ದಾನಂತೆ. ವಿವೇಕ ಮೊಬೈಲಿನಲ್ಲಿ ಫೋಟೋ ತೋರಿಸಿದ. ದೂರದಿಂದ ತೆಗೆದದ್ದು, ಮುಖ ಕಾಣುತ್ತಿರಲಿಲ್ಲ. ಬಗ್ಗಿ ಕಾಲ್ಚೀಲ ಎಳೆದುಕೊಳ್ಳುತ್ತಿದ್ದ.

"ಶುಕ್ರವಾರ ಮ್ಯಾಚ್ ಐತೇನು?" ಎಂದು ಕೇಳಿದಳು.

"ನೀ ಬರ್ತೀಯಾ?"

"ಬರ್ತೀನಿ."

ಶುಕ್ರವಾರ ಸಂಜೆ ಮೂವರೂ ಕಾರಿನಲ್ಲಿ ಹೋದರು. ಸಿರಾಜುದ್ದೀನ್ ಗೇಟಿನ ಹತ್ತಿರ ಕಾಯುತ್ತಿದ್ದ. ಮೆಟ್ಟಿಲು ಗ್ಯಾಲರಿಯಲ್ಲಿ ನೂರು ಜನವೂ ಇರಲಿಲ್ಲ. ಮೇಲಿನ ಸಾಲಿನಲ್ಲಿ ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟ ಮುದುಕರು, ಕೆಳಗೆ ಡೋಲು ಬಾರಿಸುವ ಹುಡುಗರು. "ಇಟ್ಸ್ ಸೋ ಎಂಪ್ಟಿ" ಎಂದಳು ಖುಷಿ. ಶೈಲಶ್ರೀಯ ಕಣ್ಣು ಮೈದಾನದ ಮೇಲಿತ್ತು. ಮೂರು ವರ್ಷ ಪರದೆಯ ಮೇಲೆ ಅಂಗೈಯಗಲ ಕಂಡವನು ಈಗ ಎದುರಿನಲ್ಲಿ, ಉಸಿರಾಡುತ್ತ, ನೆಲಕ್ಕೆ ಉಗುಳುತ್ತ ಓಡಾಡುತ್ತಿದ್ದ. ಅಂದುಕೊಂಡದ್ದಕ್ಕಿಂತ ಕುಳ್ಳ.

ಆಟ ಶುರುವಾಗಿ ಏಳೆಂಟು ನಿಮಿಷವಾಗಿರಬಹುದು. ಚೆಂಡು ಮುಹಮ್ಮದನಿಗೆ ಬಂತು. ಹಿಂದೆ ಒಬ್ಬ ಅಂಟಿಕೊಂಡಿದ್ದ. ಮುಹಮ್ಮದ್ ಒಂದೇ ಸ್ಪರ್ಶಕ್ಕೆ ಎಡಕ್ಕೆ ತಿರುಗಿದ, ಹಿಂದಿದ್ದವನು ಬಲಕ್ಕೆ ಮುಗ್ಗರಿಸಿದ. ಡೋಲು ಜೋರಾಯಿತು. ಅರ್ಧ ಗಂಟೆಯಲ್ಲಿ ಅವನು ಐದು ಸಲ ಎಡಕ್ಕೆ ತಿರುಗಿದ. ಶೈಲಶ್ರೀ ಬೆರಳು ಮಡಚುತ್ತ ಕೂತಿದ್ದಳು.

ಆಟ ಮುಗಿದ ಮೇಲೆ ಸಿರಾಜುದ್ದೀನನಿಗೆ ಹೇಳಿ ಮುಹಮ್ಮದನನ್ನು ಕರೆಸಿದಳು. ತಂಡದ ಬಸ್ಸಿನ ಹತ್ತಿರ ನಿಂತು ಮಾತಾಡಿದರು, ಇಂಗ್ಲಿಷಿನಲ್ಲಿ.

"ನೀವು ಈಗ ಎಡಕ್ಕೆ ತಿರುಗುತ್ತೀರಿ," ಎಂದಳು.

ಅವನು ಇವಳನ್ನೂ ವಿವೇಕನನ್ನೂ ನೋಡಿದ. "ಮೊದಲಿಂದಲೂ ತಿರುಗುತ್ತೇನೆ."

"ಕಾಪರ್ ಬೆಂಡಿನಲ್ಲಿ ಕೊನೆಯ ವರ್ಷ ತಿರುಗುತ್ತಿರಲಿಲ್ಲ."

ಅವನ ಮುಖ ಬದಲಾಯಿತು. ಆ ಊರಿನ ಹೆಸರನ್ನು ಇಲ್ಲಿ ಯಾರ ಬಾಯಲ್ಲೂ ಅವನು ಕೇಳಿರಲಿಲ್ಲ. "ಆ ವರ್ಷ ಎಡ ಮೊಣಕಾಲು ಕೆಟ್ಟಿತ್ತು," ಎಂದ. "ಕೋಚಿಗೆ ಹೇಳಿದ್ದೆ. ಫೈನಲ್ ಮುಗಿಯುವವರೆಗೆ ಇಂಜೆಕ್ಷನ್ ಹಾಕಿಸಿಕೊಂಡು ಆಡು, ಹೊರಗೆ ಹೇಳಬೇಡ ಅಂದರು. ನನ್ನನ್ನು ಬಿಟ್ಟ ಮೇಲೆ ನಾಲ್ಕು ತಿಂಗಳು ಊರಲ್ಲಿ ಸುಮ್ಮನಿದ್ದೆ. ಸರಿಹೋಯಿತು. ನಿಮಗೆ ಇದೆಲ್ಲ ಹೇಗೆ ಗೊತ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ತಾನೇ ಪಂದ್ಯ ನೋಡಿ ಷರಾ ಬರೆಯುತ್ತಿದ್ದವಳು, ಎಡಕ್ಕೆ ತಿರುಗಲಾರ ಎಂದು ಬರೆದವಳು ತಾನೇ ಎಂದಳು.

"ಎಲ್ಲಿಂದ?"

"ಹಮ್ರಿಯಾದಿಂದ."

ಅವನು ನಕ್ಕುಬಿಟ್ಟ. ಹಮ್ರಿಯಾಕ್ಕೆ ಅವನು ತಿಂಗಳಿಗೊಮ್ಮೆ ಊರಿಗೆ ಹಣ ಕಳಿಸಲು ಹೋಗುತ್ತಿದ್ದ. "ಕಂಪ್ಯೂಟರ್ ಹೇಳಿದೆ ಅಂದರು ಅವರು, ನನ್ನನ್ನು ಬಿಡುವಾಗ. ಆ ಕಂಪ್ಯೂಟರು ನೀವೇನಾ?"

"ನಿಮ್ಮನ್ನು ತಿದ್ದಲಿ ಅಂತ ಬರೆದದ್ದು."

"ಕಾಲಿಗೆ ಏನಾಗಿದೆ ಅಂತ ಕೇಳಬಹುದಿತ್ತು."

"ನನಗೆ ಕೇಳುವ ದಾರಿ ಇರಲಿಲ್ಲ."

"ಹುಡುಕಿದಿರಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಲು ಕೇಳಿದಂತಿತ್ತು. ಅವಳು ಹುಡುಕಿರಲಿಲ್ಲ. ವಾರಕ್ಕೊಮ್ಮೆ ಕೋಡಿಯ ಮುಖ ಎದುರಿಗಿತ್ತು; ಇವನಿಗೇನಾಗಿದೆ ಎಂದು ಒಂದು ಮಾತು ಕೇಳಿದ್ದರೆ ಅವನು ಹೇಳುತ್ತಿದ್ದನೋ ಇಲ್ಲವೋ, ಕೇಳಲಂತೂ ಇಲ್ಲ. ಕೋಡಿಯ ಜೊತೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡುವುದು ತನ್ನ ಯೋಗ್ಯತೆಗೆ ಕಡಿಮೆ ಎಂದುಕೊಂಡಿದ್ದಳು. ಬಸ್ಸಿನ ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಕೂಗಿ ಅವಸರ ಮಾಡಿದ. ಮುಹಮ್ಮದ್ ಭುಜ ಕುಣಿಸಿ, "ಖಲಾಸ್, ಮ್ಯಾಡಮ್. ಮುಗೀತು" ಎಂದು ಬಸ್ಸು ಹತ್ತಿದ.

ಕಾರಿನಲ್ಲಿ ವಿವೇಕ ಸಮಾಧಾನ ಹೇಳಲು ನೋಡಿದ. "ಅವರ ತಪ್ಪಿಗೆ ನೀ ಯಾಕ ಹಿಂಗ ಮುಖ ಮಾಡ್ತಿ? ಕಾಲು ಕೆಟ್ಟದ್ದು ಕ್ಯಾಮೆರಾದಾಗ ಕಾಣ್ತೈತೇನು?"

"ಕಾಣ್ತೈತ್ರಿ. ನನಗೂ ಬೆಟಗೇರ್ಯಾಗ ಮೊಣಕಾಲು ಹೋಗಿತ್ತು. ಅಂವಾ ಒಂದ್ ಹೆಜ್ಜಿ ಹೆಚ್ಚ ಇಡ್ತಿದ್ನಲ್ಲ, ನಾನೂ ಹಂಗ ಇಡ್ತಿದ್ದೆ. ನೋಡಿದ್ರ ತಿಳೀಬೇಕಿತ್ತು. ಎಲ್ಲಾರೂ ನನಗಿಂತ ಕಡಿಮಿ ಅಂತ ನೋಡಾಕ ಕುಂತ್ರ, ಇನ್ನೇನ್ ಕಾಣ್ತೈತಿ?"

ಹಿಂದಿನ ಸೀಟಿನಲ್ಲಿ ಖುಷಿ ನಿದ್ದೆ ಹೋಗಿದ್ದಳು.

ಅದೇ ತಿಂಗಳ ಕೊನೆಗೆ ಕಾಪರ್ ಬೆಂಡ್ ಮೇಲಿನ ಲೀಗಿನ ತನ್ನ ಮೊದಲ ವರ್ಷ ಮುಗಿಸಿತು. ಎಲ್ಲರಿಗಿಂತ ಕೊನೆಯ ಸ್ಥಾನ. ಬೇರೆ ದೇಶವಾಗಿದ್ದರೆ ಕೆಳಗಿನ ದರ್ಜೆಗೆ ಇಳಿಯಬೇಕಿತ್ತು. ಅಲ್ಲಿ ಇಳಿಸುವ ಪದ್ಧತಿಯೂ ಇಲ್ಲವಾದ್ದರಿಂದ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಆಸನ ಕೊಂಡವರು ಎದ್ದುಹೋಗುವುದುಂಟೆ? ಇದು ತಂಡ ಕಟ್ಟುವ ವರ್ಷ ಎಂದು ಮಾಲೀಕ ಹೇಳಿದ. ಕೋಡಿ ಅದನ್ನೇ ಉದ್ದವಾಗಿ ಹೇಳಿದ.

ಜೆನಿಟಾ ಮತ್ತೆ ಕೆಲಸ ತಂದಳು. ಅಮೆರಿಕದ್ದೇ, ಪೂರ್ವ ಕರಾವಳಿಯ ಮೂರನೇ ದರ್ಜೆಯ ಇನ್ನೊಂದು ಕ್ಲಬ್ಬು. ಅದೂ ಮೇಲೆ ಹೋಗಲು ಅರ್ಜಿ ಹಾಕಿ ಕೂತಿತ್ತು. ಶೈಲಶ್ರೀ ಒಪ್ಪಿಕೊಂಡಳು. ಆದರೆ ಷರಾದ ಜಾಗದಲ್ಲಿ ಪ್ರಶ್ನೆ ಬರೆದು ಕಳಿಸತೊಡಗಿದಳು. ಐದನೇ ನಂಬರಿನವನು ಅರ್ಧ ಆಟವಾದ ಮೇಲೆ ಜಿಗಿಯುವುದಿಲ್ಲ, ಬೆನ್ನು ನೋಯುತ್ತದೆಯೇ? ಹದಿನೇಳರವನು ಎರಡು ವಾರದಿಂದ ಯಾರ ಜೊತೆಗೂ ಮಾತಾಡುತ್ತಿಲ್ಲ, ವಿಚಾರಿಸಿದ್ದೀರಾ?

ಮೂರನೇ ವಾರ ಜೆನಿಟಾ ಫೋನ್ ಮಾಡಿದಳು. "ಇದೆಂತ ಪ್ರಶ್ನೆಪತ್ರಿಕೆಯಾ ಅಂತ ಕೇಳ್ತಿದ್ದಾರೆ ಅವರು."

"ಉತ್ತರ ಬರಲಿ. ಬಂದ್ಮ್ಯಾಲೆ ಷರಾ ಬರೀತೀನಿ."

"ಉತ್ತರ ಕೊಡ್ಲಿಕ್ಕೆ ಅವರು ನಮಗೆ ಕೆಲಸ ಕೊಟ್ಟದ್ದಾ? ಹೀಗೇ ಮಾಡಿದ್ರೆ ಬೇರೆಯವರನ್ನು ಹಾಕು ಅಂತಾರೆ ಮಾರಾಯ್ತಿ."

"ಹಾಕು. ಅವರೂ ಹಿಂದ ನಾ ಬರದಂಗ ಬರೀತಾರ, ಇವರೂ ಅದನ್ನ ಓದ್ತಾರ. ಹೊಂದ್ತೈತಿ."

ಜೆನಿಟಾ ಬೇರೆಯವರನ್ನು ಹಾಕಲಿಲ್ಲ. ಪ್ರಶ್ನೆಗಳನ್ನು ಅಳಿಸಿ, ತಾನೇ ಎರಡು ಸಾಲು ಷರಾ ಸೇರಿಸಿ ಮುಂದೆ ಕಳಿಸುತ್ತಿದ್ದಳು. ಶೈಲಶ್ರೀಗೆ ಅದು ತಿಳಿದಿತ್ತು. ಬರೆಯುವುದನ್ನು ಬಿಡಲಿಲ್ಲ.

ಮುಹಮ್ಮದ್ ಮೇ ತಿಂಗಳವರೆಗೆ ಬರ್ಕಾದಲ್ಲಿ ಆಡಿದ. ಆಮೇಲೆ ಒಮಾನಿನ ಗಡಿಯೂರಾದ ಬುರೈಮಿಯ ತಂಡವೊಂದಕ್ಕೆ ಹೋದನೆಂದು ಸಿರಾಜುದ್ದೀನ್ ಹೇಳಿದ. ಅಷ್ಟರೊಳಗೆ ಅವಳು ಏಳು ಪಂದ್ಯಗಳಿಗೆ ಹೋಗಿದ್ದಳು, ಕೈಯಲ್ಲಿ ಪೆನ್ನು ಪುಸ್ತಕ ಏನೂ ಇಲ್ಲದೆ. ಮತ್ತೆ ಮಾತಾಡಿಸಲು ಹೋಗಲಿಲ್ಲ. ಕೊನೆಯ ಪಂದ್ಯದ ದಿನ ಅವನು ಇಬ್ಬರ ನಡುವಿನಿಂದ ಚೆಂಡು ಎಳೆದು, ಎಡಕ್ಕೆ ತಿರುಗಿ, ದೂರದ ಪಾಸು ಕೊಟ್ಟು, ಒಂದು ಕ್ಷಣ ಗ್ಯಾಲರಿಯ ಕಡೆ ನೋಡಿದ.

"ನಿನ್ನ ಕಡೆನ ನೋಡಿದ," ಎಂದ ವಿವೇಕ.

"ಲೈನ್ಸ್‌ಮನ್ ಕಡೆ ನೋಡಿದ," ಎಂದಳು ಶೈಲಶ್ರೀ.